ಮೇದಸ್ಸೂ ಮಧುಮೇಹವೂ: ಒಂದು ಹೆರಿಗೆ ದಫ್ತರದ ಚರಿತ್ರೆ

೧

ಮಂಡ್ಯ ಜಿಲ್ಲೆಯ ಪಶ್ಚಿಮೋತ್ತರ ಭಾಗದಲ್ಲಿರುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಹೆಸರು ಚರಿತ್ರೆಯಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಕೋಟೆಕೊತ್ತಲಗಳು, ಹೊಯ್ಸಳರ ದೇವಾಲಯಗಳು, ಮೇಲುಕೋಟೆಯ ಯತಿರಾಜಮಠ, ಹೈದರ್ ಟಿಪ್ಪುಗಳ ಯುದ್ಧಗಳು ಇವೆಲ್ಲವನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿರುವರು. ಆದರೆ ಈ ನೆಲದಲ್ಲಿ ಬಾಳಿದ ಸಾಮಾನ್ಯ ಜನರ ದೇಹಕ್ಕೂ ಒಂದು ಚರಿತ್ರೆಯುಂಟು. ಅವರು ಏನು ಉಂಡರು, ಎಷ್ಟು ಹಸಿದರು, ಅವರ ಹೆಂಗಸರು ಎಷ್ಟು ತೂಕದ ಮಕ್ಕಳನ್ನು ಹೆತ್ತರು, ಆ ಮಕ್ಕಳು ನಡುಹರೆಯದಲ್ಲಿ ಯಾವ ರೋಗಕ್ಕೆ ಈಡಾದರು ಎಂಬುದು ಶಿಲಾಶಾಸನಗಳಲ್ಲಿ ದೊರೆಯುವ ವಿಷಯವಲ್ಲ. ಅದರ ಒಂದು ಅಂಶವಾದರೂ ದೊರೆತಿರುವುದು ಶ್ರೀರಂಗಪಟ್ಟಣಕ್ಕೆ ಹತ್ತು ಮೈಲಿ ದೂರದ ಮೈಸೂರಿನಲ್ಲಿ, ದಾದಿಯರು ಬರೆದಿಟ್ಟ ಒಂದು ಹೆರಿಗೆ ದಫ್ತರದಲ್ಲಿ.

ಹಳ್ಳಿಯವರು ಸಕ್ಕರೆ ಕಾಯಿಲೆಯೆಂದು ಕರೆಯುವ ಮಧುಮೇಹವು ಒಂದು ಕಾಲದಲ್ಲಿ ಶ್ರೀಮಂತರ ರೋಗವೆಂದು ಎಣಿಸಲ್ಪಟ್ಟಿತ್ತು. ಕುಳಿತು ಉಣ್ಣುವವರಿಗೆ, ತುಪ್ಪ ಸಕ್ಕರೆಗಳ ಸಮೃದ್ಧಿಯುಳ್ಳವರಿಗೆ ಬರತಕ್ಕ ವ್ಯಾಧಿಯೆಂದು ಜನರು ಹೇಳುತ್ತಿದ್ದರು. ಈಗ ಆ ಮಾತು ನಿಲ್ಲುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಪರಿಶೀಲನೆಯು ಭಾರತದಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟ ಜನರಿಗೆ ಮಧುಮೇಹವಿರುವುದೆಂದು ಅಂದಾಜುಮಾಡಿದೆ. ಇವರಲ್ಲಿ ಸ್ಥೂಲಕಾಯರಲ್ಲದವರೂ ಮೈಮುರಿದು ದುಡಿಯುವವರೂ ಎಷ್ಟೋ ಮಂದಿ ಇರುವರು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದ ಬೇಸಾಯಗಾರನಿಗೆ ನಲವತ್ತನೆಯ ವಯಸ್ಸಿನಲ್ಲಿಯೇ ಈ ರೋಗ ತಗಲುವುದಾದರೆ ಅದಕ್ಕೆ ಅವನ ನಾಲಗೆಯ ಚಾಪಲ್ಯವೊಂದೇ ಕಾರಣವೆಂದು ಹೇಳುವುದು ನ್ಯಾಯವೇ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮೇದಸ್ಸಿನ, ಎಂದರೆ ಕೊಬ್ಬಿನ, ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕಾಗುತ್ತದೆ.

೨

ನಮ್ಮ ಪ್ರಾಚೀನ ವೈದ್ಯರು ಮೇದಸ್ಸನ್ನು ಸಪ್ತಧಾತುಗಳಲ್ಲಿ ಒಂದಾಗಿ ಎಣಿಸಿದ್ದರು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಈ ಕ್ರಮದಲ್ಲಿ ಮೇದಸ್ಸು ದೇಹದ ಕಸವಲ್ಲ, ದೇಹವನ್ನು ಧರಿಸತಕ್ಕ ಧಾತು. ಅದು ಕೆಟ್ಟಾಗ ಪ್ರಮೇಹವುಂಟಾಗುವುದೆಂದು ಅವರು ಹೇಳಿದರು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವು ಎರಡು ಬಗೆಯೆಂದು ವಿಭಾಗಿಸಲ್ಪಟ್ಟಿದೆ. ಒಂದು ಸಹಜ, ತಂದೆತಾಯಿಗಳ ಬೀಜದೋಷದಿಂದ ಬಂದದ್ದು. ಇನ್ನೊಂದು ಅಪಥ್ಯನಿಮಿತ್ತಜ, ಅಹಿತವಾದ ಆಹಾರವಿಹಾರಗಳಿಂದ ಬಂದದ್ದು. ಮೊದಲನೆಯ ಬಗೆಯ ರೋಗಿ ಕೃಶನು, ಎರಡನೆಯವನು ಸ್ಥೂಲನು. ಸ್ಥೂಲನಾದವನಿಗೆ ನಡಿಗೆ, ವ್ಯಾಯಾಮ, ಲಂಘನಗಳನ್ನು ವಿಧಿಸಿದ ಆ ಶಾಸ್ತ್ರವು ಕೃಶನಾದವನಿಗೆ ಪುಷ್ಟಿಕರವಾದ ಅನ್ನಪಾನಗಳನ್ನು ಹೇಳಿತು. ರೋಗ ಒಂದೇ ಆದರೂ ರೋಗಿಗಳು ಎರಡು ಬಗೆಯೆಂದು ಕಂಡುಕೊಂಡ ಆ ದೃಷ್ಟಿ ಗಮನಾರ್ಹವಾದುದು. ಆದರೆ ಕೃಶನಾಗಿಯೂ ಇದ್ದು, ಒಳಗೆ ಮೇದಸ್ವಿಯೂ ಆದ ಮೂರನೆಯ ಒಬ್ಬನುಂಟೆಂದು ತಿಳಿಯಲು ಇನ್ನೂ ಬಹುಕಾಲ ಹಿಡಿಯಿತು.

ಯೂರೋಪಿನಲ್ಲಿ ಮೇದಸ್ಸಿನ ಪರಿಶೀಲನೆ ೧೬ನೆಯ ಶತಮಾನದಲ್ಲಿ ಮೊದಲಾಯಿತು. ಸ್ವಿಟ್ಜರ್ಲೆಂಡಿನ ಕಾನ್ರಾಡ್ ಗೆಸ್ನರನು ೧೫೫೧ರಲ್ಲಿ, ಚಳಿಗಾಲವನ್ನೆಲ್ಲ ನಿದ್ರೆಯಲ್ಲಿ ಕಳೆಯುವ ಒಂದು ಪರ್ವತಪ್ರಾಣಿಯ ಬೆನ್ನಿನಲ್ಲಿ ಕೊಬ್ಬೂ ಅಲ್ಲದ ಮಾಂಸವೂ ಅಲ್ಲದ ಒಂದು ಪದಾರ್ಥವನ್ನು ಕಂಡು ವರ್ಣಿಸಿದನು. ಇಂದು ಕಂದು ಕೊಬ್ಬು ಎನ್ನುವುದು ಅದನ್ನೇ. ಸಾಮಾನ್ಯವಾದ ಬಿಳಿಯ ಕೊಬ್ಬನ್ನು ಮಾತ್ರ ವಿದ್ವಾಂಸರು ಬಹುಕಾಲ ಅಲಕ್ಷ್ಯ ಮಾಡಿದರು. ಹಗೇವಿನಲ್ಲಿ ತುಂಬಿಟ್ಟ ರಾಗಿಯಂತೆ ಅದು ಸುಮ್ಮನೆ ಬಿದ್ದಿರುವ ದಾಸ್ತಾನು; ಬೇಕಾದಾಗ ತೆಗೆದುಕೊಳ್ಳುವುದು, ಹೆಚ್ಚಾದಾಗ ತುಂಬುವುದು, ಇಷ್ಟೇ ಅದರ ಕಾರ್ಯವೆಂದು ಭಾವಿಸಿದ್ದರು. ೧೯೪೭ರಲ್ಲಿ ಫ್ರಾನ್ಸಿನ ಮಾರ್ಸೆಲ್ಸ್ ನಗರದ ವೈದ್ಯ ಝಾನ್ ವಾಗ್ ಎಂಬಾತನು ಒಂದು ಹೊಸ ಮಾತನ್ನು ಹೇಳಿದನು. ದೇಹದಲ್ಲಿ ಕೊಬ್ಬು ಎಷ್ಟಿದೆಯೆಂಬುದಕ್ಕಿಂತ ಎಲ್ಲಿದೆಯೆಂಬುದು ಮುಖ್ಯ. ನಡುವಿನ ಕೆಳಗೆ, ತೊಡೆ ನಿತಂಬಗಳಲ್ಲಿ ಸೇರಿದ ಕೊಬ್ಬು ಅಷ್ಟು ಅಪಾಯಕರವಲ್ಲ, ಹೊಟ್ಟೆ ಹೆಗಲುಗಳ ಕಡೆ ಸೇರಿದ ಕೊಬ್ಬೇ ಮಧುಮೇಹಕ್ಕೂ ರಕ್ತನಾಳಗಳ ರೋಗಕ್ಕೂ ಹಾದಿ ಎಂಬುದು ಆತನ ಅಭಿಪ್ರಾಯ. ಆಗ ಅದನ್ನು ಹೆಚ್ಚು ಮಂದಿ ಲಕ್ಷಿಸಲಿಲ್ಲ.

೧೯೯೩ರಲ್ಲಿ ಅಮೆರಿಕದ ಗೋಖಾನ್ ಹೋತಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗೆಲ್ಮನ್ ಎಂಬವರು, ಸ್ಥೂಲವಾದ ಇಲಿಗಳ ಕೊಬ್ಬು ಉರಿಯೂತವನ್ನುಂಟುಮಾಡುವ ಒಂದು ರಸವನ್ನು ಸ್ರವಿಸಿ ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಮಾಡುವುದೆಂದು ತೋರಿಸಿದರು. ಮರುವರ್ಷ, ೧೯೯೪ರಲ್ಲಿ, ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಆತನ ಸಂಗಡಿಗರು ಕೊಬ್ಬಿನಿಂದಲೇ ಹುಟ್ಟಿ ಮಿದುಳಿಗೆ ಹೋಗಿ ಹಸಿವನ್ನು ತಡೆಯತಕ್ಕ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಹೀಗೆ, ಸುಮ್ಮನೆ ಬಿದ್ದಿರುವ ದಾಸ್ತಾನೆಂದು ಎಣಿಸಿದ್ದ ಮೇದಸ್ಸು ದೇಹದ ಉಳಿದ ಅಂಗಗಳೊಡನೆ ಹಗಲಿರುಳು ವ್ಯವಹರಿಸುವ ಒಂದು ಅಂಗವೆಂದು ಸಿದ್ಧವಾಯಿತು.

ಇದರ ಜೊತೆಗೆ ಇನ್ನೊಂದು ವಿಷಯವೂ ತಿಳಿದುಬಂದಿತು. ಸ್ವೀಡನ್ನಿನ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಮನುಷ್ಯನ ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯದಲ್ಲಿಯೂ ಎಳೆಯ ಪ್ರಾಯದಲ್ಲಿಯೂ ನಿಶ್ಚಯವಾಗಿ, ಆಮೇಲೆ ಹೆಚ್ಚುಕಡಮೆ ಹಾಗೆಯೇ ಉಳಿಯುವುದು. ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಕೋಶಗಳು ಸತ್ತು ಅಷ್ಟೇ ಹೊಸವು ಹುಟ್ಟುವುವು. ಮೈ ಬೆಳೆದಾಗ ಕೋಶಗಳು ಉಬ್ಬುವುವು, ಮೈ ಇಳಿದಾಗ ಕುಗ್ಗುವುವು. ಹಗೇವಿನ ಹೋಲಿಕೆಯನ್ನೇ ಮುಂದುವರಿಸಿದರೆ, ಒಬ್ಬೊಬ್ಬನಿಗೂ ಹಗೇವು ಇಷ್ಟೇ ಎಂದು ಚಿಕ್ಕಂದಿನಲ್ಲಿಯೇ ತೋಡಿಟ್ಟಂತಾಯಿತು. ಚರ್ಮದ ಕೆಳಗಿನ ಹಗೇವು ದೊಡ್ಡದಾಗಿದ್ದವನಿಗೆ ಹೆಚ್ಚು ಉಂಡರೂ ಕಾಳು ಅಲ್ಲಿಯೇ ನಿಲ್ಲುವುದು. ಚಿಕ್ಕದಾಗಿದ್ದವನಿಗೆ ಅದು ಬೇಗ ತುಂಬಿ ಹೊರಚೆಲ್ಲಿ, ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಮಾಂಸಖಂಡಗಳಲ್ಲಿ ಸೇರಿ, ಅಲ್ಲೆಲ್ಲ ಇನ್ಸುಲಿನ್ನಿನ ಕೆಲಸವನ್ನು ಕೆಡಿಸುವುದು. ದಕ್ಷಿಣ ಏಷ್ಯದ ಜನರ ಹಗೇವು ಹೀಗೆ ಚಿಕ್ಕದೆಂಬ ವಾದವನ್ನು ೨೦೦೭ರಲ್ಲಿ ಅಲನ್ ಸ್ನೈಡರ್‌ಮನ್ ಮೊದಲಾದವರು ಮಂಡಿಸಿದರು. ಹಾಗಾದರೆ ಅದನ್ನು ಅಷ್ಟು ಚಿಕ್ಕದಾಗಿ ತೋಡಿದವರು ಯಾರು, ಯಾವಾಗ?

೩

ಈ ಪ್ರಶ್ನೆಯು ವಾಚಕರನ್ನು ಪುನಃ ಕಾವೇರೀತೀರಕ್ಕೆ ಕರೆತರುತ್ತದೆ. ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯು ನೀರಿನ ಚರಿತ್ರೆ, ನೀರಿಲ್ಲದ ಕಡೆ ಹಸಿವಿನ ಚರಿತ್ರೆ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜಸಾಗರ, ವಿರಿಜಾ, ಬಂಗಾರದೊಡ್ಡಿ ನಾಲೆಗಳೂ, ಹಿಂದೆ ಅತ್ತಿಗುಪ್ಪೆಯೆಂದು ಹೆಸರಾಗಿದ್ದ ಕೃಷ್ಣರಾಜಪೇಟೆಯ ಸೀಮೆಯಲ್ಲಿ ಹೇಮಾವತಿಗೆ ಕಟ್ಟಿದ ಮಂದಗೆರೆ ಹೇಮಗಿರಿಯ ಅಣೆಗಳೂ ಪೂರ್ವದಿಂದಲೇ ಇದ್ದುವು. ಅವುಗಳ ಕೆಳಗೆ ತರಿ ಜಮೀನಿನವರು ಬತ್ತವನ್ನೂ ಕಬ್ಬನ್ನೂ ಬೆಳೆದರು. ಮಿಕ್ಕ ಕಡೆಯಲ್ಲೆಲ್ಲ, ಮುಖ್ಯವಾಗಿ ನಾಗಮಂಗಲದಲ್ಲಿ, ಖುಷ್ಕಿ ನೆಲ. ರಾಗಿ ಹುರುಳಿಗಳೇ ಗತಿ. ೧೮೦೦ರಲ್ಲಿ ಈ ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಸಾಮಾನ್ಯ ಜನರ ಆಹಾರವು ರಾಗಿಯೆಂಬುದನ್ನು ಮತ್ತೆ ಮತ್ತೆ ಹೇಳಿರುವನು. ಆ ರಾಗಿಯೂ ಎಲ್ಲ ವರ್ಷವೂ ಕೈಗೆ ಬರುತ್ತಿರಲಿಲ್ಲ. ೧೭೯೨ರ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ನಾಗಮಂಗಲವನ್ನು ಹಾಳುಮಾಡಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದು, ರಾಜಧಾನಿ ಮೈಸೂರಿಗೆ ಹೋಗಿ, ದ್ವೀಪದ ಜನಸಂಖ್ಯೆ ಕುಗ್ಗಿತು.

ಇವೆಲ್ಲಕ್ಕಿಂತಲೂ ಘೋರವಾದುದು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦ ಲಕ್ಷವನ್ನು ಮೀರಿತ್ತು. ೧೮೮೧ರಲ್ಲಿ ಎಣಿಸಿದಾಗ ಅದು ಸುಮಾರು ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿತ್ತು. ಸತ್ತವರ ಲೆಕ್ಕವು ಹೀಗೆ ಜನಗಣತಿಯಲ್ಲಿ ಸಿಕ್ಕುತ್ತದೆ. ಆದರೆ ಬದುಕಿ ಉಳಿದ ಹೆಂಗಸರ ಮೈಯಲ್ಲಿ ಆ ಹಸಿವು ಏನನ್ನು ಬಿಟ್ಟುಹೋಯಿತೆಂಬುದನ್ನು ಎಣಿಸಿದವರಿಲ್ಲ.

ಕ್ಷಾಮದ ಬೆನ್ನಿಗೇ, ಒಂದೆರಡು ತಲೆಮಾರುಗಳೊಳಗೆ, ಸಮೃದ್ಧಿಯೂ ಬಂದಿತು. ಪಾಲಹಳ್ಳಿಯಲ್ಲಿ ೧೮೪೭ರಲ್ಲಿಯೇ ಗ್ರೋವ್ಸ್ ಕಂಪೆನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿ, ರೈತರು ಆಲೆಮನೆಗಳಲ್ಲಿ ಮಾಡಿದ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿದ್ದರು. ೧೮೫೧ರ ಲಂಡನ್ ವಸ್ತುಪ್ರದರ್ಶನದಲ್ಲಿ ಆ ಸಕ್ಕರೆಗೆ ಬಹುಮಾನವೂ ದೊರೆಯಿತು. ಆದರೆ ಅದು ದೂರದೇಶಕ್ಕೆ ಕೀರ್ತಿ ತಂದ ಸಕ್ಕರೆಯೇ ಹೊರತು ರಾಗಿಯುಣ್ಣುವವನ ಮನೆಗೆ ಬಂದ ಸಕ್ಕರೆಯಲ್ಲ. ೧೯೧೧ರಲ್ಲಿ ವಿಶ್ವೇಶ್ವರಯ್ಯನವರ ಮೇಲ್ವಿಚಾರಣೆಯಲ್ಲಿ ಕನ್ನಂಬಾಡಿಯ ಕಟ್ಟೆ ಮೊದಲಾಗಿ, ಎರಡು ದಶಕಗಳಲ್ಲಿ ಪೂರ್ಣವಾಯಿತು. ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗವನ್ನು ಹಾದು ಖುಷ್ಕಿಯನ್ನು ತರಿಮಾಡಿತು. ೧೯೩೩ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಗಿ, ೧೯೩೪ರಲ್ಲಿ ಕಬ್ಬು ಅರೆಯಲು ತೊಡಗಿತು. ಮುಂದೆ ಪಾಂಡವಪುರದಲ್ಲಿಯೂ, ಕೃಷ್ಣರಾಜಪೇಟೆಯ ಕಡೆಯೂ ಸಕ್ಕರೆ ಕಾರ್ಖಾನೆಗಳಾದುವು. ಗೊರೂರಿನಲ್ಲಿ ೧೯೭೯ರಲ್ಲಿ ಹೇಮಾವತಿಯ ಅಣೆಕಟ್ಟು ಮುಗಿದ ಮೇಲೆ ಕೃಷ್ಣರಾಜಪೇಟೆ ನಾಗಮಂಗಲಗಳ ಕೆಲವು ಭಾಗಗಳಿಗೂ ನಾಲೆಯ ನೀರು ಮುಟ್ಟಿತು. ಹಬ್ಬದ ದಿನ ಮಾತ್ರ ಕಾಣುತ್ತಿದ್ದ ಅಕ್ಕಿಯ ಅನ್ನವು ನಿತ್ಯದ ಊಟವಾಯಿತು. ಗಿರಣಿಯಲ್ಲಿ ನಯಮಾಡಿದ ಬಿಳಿಯ ಅಕ್ಕಿ, ಸಕ್ಕರೆ ಹಾಕಿದ ಕಾಫಿ ಟೀ, ಎಣ್ಣೆಯ ತಿಂಡಿಗಳು ಮನೆಮನೆಯನ್ನು ಹೊಕ್ಕವು. ಏತ, ರೋಕಲು, ಒನಕೆ, ಬೀಸುವ ಕಲ್ಲುಗಳ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ಹಸಿದ ತಾಯಿಯ ಹೊಟ್ಟೆಯಲ್ಲಿ ಬೆಳೆದ ಮಗು ತುಂಬಿದ ಕಣಜದ ಮನೆಯಲ್ಲಿ ವೃದ್ಧಾಪ್ಯವನ್ನು ಕಾಣುವಂತಾದುದು ಈ ಸೀಮೆಯ ಒಂದು ವಿಶೇಷ.

೪

೧೯೩೪ನೆಯ ಇಸವಿ ಮಂಡ್ಯದಲ್ಲಿ ಸಕ್ಕರೆ ಹೊರಟ ವರ್ಷ. ಮೈಸೂರಿನಲ್ಲಿ ಈ ಲೇಖನದ ನಾಯಕಸ್ಥಾನದಲ್ಲಿರುವ ದಫ್ತರಗಳು ದೊರೆಯತೊಡಗುವುದೂ ಆ ವರ್ಷದಿಂದಲೇ. ಮೈಸೂರಿನ ಮಂಡಿಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನರಿಗಳು ೨೦ನೆಯ ಶತಮಾನದ ಮೊದಲ ದಶಕದಲ್ಲಿ ಹೆಂಗಸರಿಗಾಗಿಯೂ ಮಕ್ಕಳಿಗಾಗಿಯೂ ಕಟ್ಟಿಸಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುವರು. ಅಲ್ಲಿಯ ದಾದಿಯರು ಮಗು ಹುಟ್ಟಿದ ಕೂಡಲೇ ಅದರ ತೂಕವನ್ನು ಪೌಂಡು ಔನ್ಸುಗಳಲ್ಲಿ ತೂಗಿ, ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಅಳೆದು ಬರೆದಿಟ್ಟರು. ಬಸುರಿಯ ತೂಕವನ್ನೂ, ಅವಳ ಕಟಿಯ ಅಳತೆಯನ್ನೂ ಗುರುತುಮಾಡಿದರು. ಇದು ಯಾವ ಸಂಶೋಧನೆಗಾಗಿಯೂ ಮಾಡಿದ ಕೆಲಸವಲ್ಲ, ನಿತ್ಯದ ಕರ್ತವ್ಯ. ಬರೆದವರ ಕೀರ್ತಿ ಎಲ್ಲಿಯೂ ಉಳಿದಿಲ್ಲ. ಆದರೆ ಆಸ್ಪತ್ರೆಯವರು ಆ ಪುಸ್ತಕಗಳನ್ನು ರದ್ದಿಗೆ ಹಾಕದೆ ಜೋಪಾನವಾಗಿ ಇಟ್ಟರು.

ಇಂಥದೇ ಇನ್ನೊಂದು ದಫ್ತರವು ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಜಿಲ್ಲೆಯಲ್ಲಿತ್ತು. ಅಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಆರೋಗ್ಯಾಧಿಕಾರಿಣಿಯು ೧೯೧೧ರಿಂದ ಸೂಲಗಿತ್ತಿಯರ ಕೈಯಲ್ಲಿ ಪ್ರತಿ ಶಿಶುವಿನ ಜನ್ಮತೂಕವನ್ನೂ, ಒಂದು ವರ್ಷ ತುಂಬಿದಾಗಿನ ತೂಕವನ್ನೂ ಬರೆಯಿಸಿದ್ದಳು. ಸೌತಾಂಪ್ಟನ್ ನಗರದ ಡೇವಿಡ್ ಬಾರ್ಕರ್ (೧೯೩೮-೨೦೧೩) ಎಂಬ ವೈದ್ಯವಿಜ್ಞಾನಿ ಆ ಪುಸ್ತಕಗಳನ್ನು ಹುಡುಕಿ ತೆಗೆದು, ಅದರಲ್ಲಿ ಹೆಸರಿದ್ದ ಗಂಡಸರು ಮುಂದೆ ಏನಾದರೆಂಬುದನ್ನು ಶೋಧಿಸಿ, ೧೯೮೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಕಡಮೆ ತೂಕದ ಕೂಸುಗಳಾಗಿದ್ದವರೇ ದೊಡ್ಡವರಾದ ಮೇಲೆ ಹೃದ್ರೋಗದಿಂದ ಹೆಚ್ಚಾಗಿ ಸತ್ತಿದ್ದರು. ೧೯೯೨ರಲ್ಲಿ ಬಾರ್ಕರನೂ ನಿಕೊಲಸ್ ಹೇಲ್ಸ್ ಎಂಬಾತನೂ ಸೇರಿ ಇದಕ್ಕೊಂದು ವಿವರಣೆ ಕೊಟ್ಟರು. ತಾಯಿಗೆ ಅನ್ನ ಸಾಲದಿದ್ದಾಗ ಗರ್ಭಸ್ಥ ಶಿಶುವು ಬಡವನ ಸಂಸಾರದಂತೆ ಮಿತವ್ಯಯವನ್ನು ಕಲಿಯುವುದು. ಮಿದುಳನ್ನು ಉಳಿಸಿಕೊಂಡು, ಮಾಂಸಖಂಡ, ಯಕೃತ್ತು, ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿ ಇವುಗಳ ಖರ್ಚನ್ನು ಕಡಮೆ ಮಾಡುವುದು. ಹುಟ್ಟಿದ ಮೇಲೂ ಬಡತನವೇ ಇದ್ದರೆ ಆ ಜಿಪುಣತನ ರಕ್ಷಿಸುವುದು. ಸಮೃದ್ಧಿ ಬಂದರೆ ಅದೇ ಶತ್ರುವಾಗುವುದು.

ಈ ವಾದವು ಇಂಗ್ಲೆಂಡಿಗೆ ಮಾತ್ರ ಸಲ್ಲುವುದೋ ಅಥವಾ ನಿಜವಾಗಿ ಹಸಿವನ್ನು ಕಂಡ ದೇಶಕ್ಕೂ ಸಲ್ಲುವುದೋ ಎಂದು ಪರೀಕ್ಷಿಸಲು ಹಳೆಯ ಜನ್ಮದಾಖಲೆಗಳು ಬೇಕಾಗಿದ್ದುವು. ಅವು ಮೈಸೂರಿನಲ್ಲಿ ದೊರೆತವು. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಎಂಬ ವೈದ್ಯೆ, ಕ್ಲೇರ್ ಸ್ಟೈನ್, ಕುಮಾರನ್ ಮೊದಲಾದವರು ಆಸ್ಪತ್ರೆಯವರೊಡನೆ ಸೇರಿ, ಸುತ್ತಣ ಬೀದಿಗಳಲ್ಲಿ ಮನೆಮನೆಗೆ ಹೋಗಿ, ಇದೇ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ವಿಚಾರಿಸಿ, ದಫ್ತರದೊಡನೆ ಹೋಲಿಸಿ ಗುರುತಿಸಿದರು. ಹೀಗೆ ೧೯೩೪ಕ್ಕೂ ೧೯೫೪ಕ್ಕೂ ನಡುವೆ ಹುಟ್ಟಿದ ೫೧೭ ಮಂದಿ ಪರೀಕ್ಷೆಗೆ ಒಳಗಾದರು. ೧೯೯೬ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಐದೂವರೆ ಪೌಂಡು, ಎಂದರೆ ಎರಡೂವರೆ ಕಿಲೋಗ್ರಾಂ, ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಏಳು ಪೌಂಡಿಗೆ ಮೇಲ್ಪಟ್ಟು ತೂಗಿದವರಲ್ಲಿ ಅದು ನೂರಕ್ಕೆ ೩. ತಾನೂ ಕಡಮೆ ತೂಗಿ, ತನ್ನ ತಾಯಿಯೂ ಬಸುರಿಯಲ್ಲಿ ನೂರು ಪೌಂಡಿಗಿಂತ ಕಡಮೆ ತೂಗಿದ್ದವರಲ್ಲಿ ಅದು ನೂರಕ್ಕೆ ೨೦. ಆರು ದಶಕಗಳ ಹಿಂದೆ ತಕ್ಕಡಿಯ ಮುಳ್ಳು ತೋರಿಸಿದ ಒಂದು ಅಂಕಿಯೂ ಆಗಿನ ತಾಯಿಯ ಬಡಕಲು ಮೈಯೂ ಮಗನ ಎದೆಯಲ್ಲಿ ಬರೆದು ಉಳಿದಿದ್ದುವು.

ಮಧುಮೇಹದ ವಿಷಯದಲ್ಲಿ ಮಾತ್ರ ಮೈಸೂರಿನ ದಫ್ತರವು ಇಂಗ್ಲೆಂಡಿನ ದಫ್ತರದ ಮಾತನ್ನು ಹಾಗೆಯೇ ಅನುವಾದಿಸಲಿಲ್ಲ. ೧೯೯೮ರಲ್ಲಿ ಪ್ರಕಟವಾದ ಎರಡನೆಯ ಲೇಖನದಲ್ಲಿ ಕಂಡುಬಂದುದೇನೆಂದರೆ, ಹುಟ್ಟುವಾಗ ಕುಳ್ಳಾಗಿದ್ದು ಉದ್ದಕ್ಕೆ ಮೀರಿ ದುಂಡಗಿದ್ದ ಶಿಶುಗಳಿಗೆ, ಭಾರವಾಗಿದ್ದ ತಾಯಂದಿರ ಮಕ್ಕಳಿಗೆ, ಮುಂದೆ ಮಧುಮೇಹವು ಹೆಚ್ಚಾಗಿ ಬಂದಿತ್ತು. ಹಸಿದ ತಾಯಿಯ ಮಗನಿಗೆ ಹೃದ್ರೋಗ, ತೂಕದ ತಾಯಿಯ ಮಗನಿಗೆ ಮಧುಮೇಹ ಎಂಬ ಈ ವೈಚಿತ್ರ್ಯಕ್ಕೆ ಸಂಶೋಧಕರು ಒಂದು ಊಹೆಯನ್ನು ಮುಂದಿಟ್ಟರು. ತಾನು ಚಿಕ್ಕಂದಿನಲ್ಲಿ ಹಸಿದು ಬೆಳೆದ ಹೆಣ್ಣು ಪ್ರಾಯಕ್ಕೆ ಬಂದ ಮೇಲೆ ಸ್ವಲ್ಪ ಮೈತುಂಬಿಕೊಂಡರೂ ಸಾಕು, ಬಸುರಿಯಲ್ಲಿ ಅವಳ ರಕ್ತದ ಸಕ್ಕರೆ ಏರುವುದು. ಆ ಸಕ್ಕರೆ ಗರ್ಭಸ್ಥ ಶಿಶುವಿಗೆ ಮುಟ್ಟಿ ಅದನ್ನು ದುಂಡಗೆ ಮಾಡಿ ರೋಗದ ಬೀಜವನ್ನು ಬಿತ್ತುವುದು. ಕೊರತೆಯೂ ಅತಿಯೂ ಒಂದೇ ಹೊಟ್ಟೆಯಲ್ಲಿ ಸಂಧಿಸಿದ ಹಾಗಾಯಿತು.

೫

ಊಹೆಯನ್ನು ಸಿದ್ಧಪಡಿಸಲು ಹಳೆಯ ದಫ್ತರ ಸಾಲದು, ಹೊಸದೊಂದನ್ನು ಬರೆಯಬೇಕು. ೧೯೯೭-೯೮ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನವೆಂಬುದು ಮೊದಲಾಯಿತು. ೮೩೦ ಬಸುರಿ ಹೆಂಗಸರು ಅದರಲ್ಲಿ ಸೇರಿದರು. ಗ್ಲೂಕೋಸ್ ಕುಡಿಸಿ ರಕ್ತವನ್ನು ಪರೀಕ್ಷಿಸಿದಾಗ ಅವರಲ್ಲಿ ನೂರಕ್ಕೆ ಆರು ಮಂದಿಗೆ ಬಸುರಿಯ ಮಧುಮೇಹವಿತ್ತು. ಐದು ವರ್ಷಗಳ ತರುವಾಯ ನೋಡಿದಾಗ ಹಾಗೆ ಮಧುಮೇಹ ಕಂಡಿದ್ದ ತಾಯಂದಿರಲ್ಲಿ ನೂರಕ್ಕೆ ೩೭ ಮಂದಿ ನಿಜವಾದ ಮಧುಮೇಹಿಗಳಾಗಿದ್ದರು. ಉಳಿದವರಲ್ಲಿ ನೂರಕ್ಕೆ ಇಬ್ಬರು ಮಾತ್ರ. ಇಷ್ಟಲ್ಲದೆ, ಬಸುರಿಯರಲ್ಲಿ ನೂರಕ್ಕೆ ೪೩ ಮಂದಿಯ ರಕ್ತದಲ್ಲಿ ಬಿ೧೨ ಎಂಬ ಜೀವಸತ್ವವು ಸಾಲದಾಗಿತ್ತು. ಇದು ಹಾಲು, ಮೊಟ್ಟೆ, ಮಾಂಸ ಮೊದಲಾದ ಪ್ರಾಣಿಜನ್ಯ ಆಹಾರಗಳಿಂದಲೇ ಮುಖ್ಯವಾಗಿ ದೊರೆಯತಕ್ಕದ್ದು. ಹೊಟ್ಟೆ ತುಂಬಿದರೂ ಸತ್ವ ತುಂಬಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಈ ಹೆಂಗಸರು ಹೆತ್ತ ಮಕ್ಕಳ ಮೇದಸ್ಸನ್ನೂ ಅಳೆದರು. ಅಳೆಯುವ ರೀತಿ ಸರಳ. ಒಂದು ಬಗೆಯ ಇಕ್ಕಳದಿಂದ ಚರ್ಮದ ಮಡಿಕೆಯನ್ನು ಹಿಡಿದು ದಪ್ಪವೆಷ್ಟೆಂದು ನೋಡುವುದು. ತೋಳಿನ ಹಿಂದೆಯೂ, ಬೆನ್ನಿನಲ್ಲಿ ಹೆಗಲೆಲುಬಿನ ಕೆಳಗೂ ಹೀಗೆ ನೋಡುವರು. ಮೈಸೂರಿನವರೇ ಆದ ಜಿ. ವಿ. ಕೃಷ್ಣವೇಣಿ ಎಂಬ ವೈದ್ಯೆ ಮತ್ತು ಸಂಗಡಿಗರು ೨೦೦೫ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಈ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿಯೂ ತೋಳಿನ ಸುತ್ತಳತೆಯಲ್ಲಿಯೂ ಬಹಳ ಚಿಕ್ಕವಾಗಿದ್ದರೂ ಬೆನ್ನಿನ ಕೊಬ್ಬಿನಲ್ಲಿ ಅಷ್ಟು ಹಿಂದೆ ಬಿದ್ದಿರಲಿಲ್ಲ. ನಾಲ್ಕು ವರ್ಷ ತುಂಬಿದಾಗ ಮಿಕ್ಕ ಅಳತೆಗಳೆಲ್ಲ ಕಡಮೆಯಾಗಿಯೇ ಉಳಿದು, ಬೆನ್ನಿನ ಕೊಬ್ಬು ಮಾತ್ರ ಇಂಗ್ಲೆಂಡಿನ ಮಕ್ಕಳನ್ನು ಮೀರಿತ್ತು. ಬಸುರಿಯ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಈ ಕೊಬ್ಬೂ, ಇನ್ಸುಲಿನ್ನಿಗೆ ಮಣಿಯದ ಗುಣವೂ ಇನ್ನಷ್ಟು ಹೆಚ್ಚಾಗಿ, ಒಂಬತ್ತು ಹತ್ತು ವರ್ಷಗಳಾದಾಗ ಸ್ಪಷ್ಟವಾಗಿ ಕಾಣಿಸಿತು.

ಪುಣೆಯಲ್ಲಿ ಕೆ. ಇ. ಎಂ. ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಎಂಬ ವೈದ್ಯರು ಸುತ್ತಣ ಆರು ಹಳ್ಳಿಗಳಲ್ಲಿ ೧೯೯೩ರಿಂದ ನಡೆಸಿದ ಪರಿಶೀಲನೆಯೂ ಇದೇ ತೀರ್ಮಾನಕ್ಕೆ ಬಂದಿತು. ಅಲ್ಲಿಯ ಶಿಶುವಿನ ಸರಾಸರಿ ತೂಕ ೨.೭ ಕಿಲೋಗ್ರಾಂ, ಸೌತಾಂಪ್ಟನ್ನಿನ ಶಿಶುವಿನದು ೩.೫. ಆದರೂ ಕೊರತೆಯೆಲ್ಲ ಮಾಂಸಖಂಡಗಳಿಗೂ ಹೊಟ್ಟೆಯೊಳಗಿನ ಅಂಗಗಳಿಗೂ ತಟ್ಟಿ, ಕೊಬ್ಬು ಮಾತ್ರ ಉಳಿದಿತ್ತು. ಇವರನ್ನು ಅವರು ತೆಳ್ಳಗಿನ ಕೊಬ್ಬಿನವರು ಎಂಬರ್ಥದ ಹೆಸರಿನಿಂದ ಕರೆದರು. ೨೦೦೪ರಲ್ಲಿ ಅವರೂ ಲಂಡನ್ನಿನ ಜಾನ್ ಯಡ್ಕಿನ್ ಎಂಬ ವೈದ್ಯನೂ ತಮ್ಮಿಬ್ಬರ ಚಿತ್ರವನ್ನೇ ಲ್ಯಾನ್ಸೆಟ್ಟಿನಲ್ಲಿ ಅಚ್ಚುಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಪ್ರಮಾಣ ಇಬ್ಬರಲ್ಲಿಯೂ ಒಂದೇ, ೨೨.೩. ಆದರೆ ಯಡ್ಕಿನ್ನನ ಮೈಯಲ್ಲಿ ಕೊಬ್ಬು ನೂರಕ್ಕೆ ೯.೧, ಯಾಜ್ಞಿಕರ ಮೈಯಲ್ಲಿ ನೂರಕ್ಕೆ ೨೧.೨. ತಕ್ಕಡಿಗೆ ಕಾಣದ ಭೇದವು ಈ ಎರಡು ಅಂಕಿಗಳಲ್ಲಿ ಕಾಣಿಸಿತು. ಸುಶ್ರುತನ ಕೃಶನೂ ಸ್ಥೂಲನೂ ಒಂದೇ ಮೈಯಲ್ಲಿ ವಾಸಿಸುವ ಆ ಮೂರನೆಯ ಮನುಷ್ಯನು ಇವನೇ.

೬

ಈ ಸಿದ್ಧಾಂತಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೈಸೂರಿನ ೫೧೭ ಮಂದಿಯಲ್ಲಿ ಹೃದ್ರೋಗ ಕಂಡವರು ೫೨ ಮಂದಿ ಮಾತ್ರ. ಅಷ್ಟು ಚಿಕ್ಕ ಸಂಖ್ಯೆಯಿಂದ ದೊಡ್ಡ ನಿರ್ಣಯವನ್ನು ಮಾಡುವಾಗ ಎಚ್ಚರವಿರಬೇಕು. ಮೊದಲೇ ಸತ್ತವರೂ ಊರು ಬಿಟ್ಟು ಹೋದವರೂ ಆ ಲೆಕ್ಕದಲ್ಲಿ ಸೇರಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದವರು ಮೈಸೂರು ನಗರದ ಸುತ್ತಿನವರಲ್ಲದೆ, ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆತ್ತ ನಾಗಮಂಗಲದ ಹಳ್ಳಿಯ ಹೆಂಗಸರ ತೂಕವನ್ನು ಆ ಕಾಲದಲ್ಲಿ ಬರೆದವರಿಲ್ಲ. ಆದುದರಿಂದ ದಫ್ತರದ ಮಾತು ಈ ತಾಲ್ಲೂಕುಗಳಿಗೆ ನೇರವಾದ ಸಾಕ್ಷ್ಯವಲ್ಲ. ಅದೇ ನದಿಯ ನೀರು, ಅದೇ ರಾಗಿ, ಅದೇ ಕ್ಷಾಮಗಳನ್ನು ಹಂಚಿಕೊಂಡ ನೆರೆಯವರ ಸಾಕ್ಷ್ಯ. ವಂಶಪರಂಪರೆಯಿಂದ ಬರುವ ಬೀಜಗುಣವೂ ಈ ರೋಗಕ್ಕೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಕ್ಷಾಮಗಳಲ್ಲಿ ಬದುಕಿ ಉಳಿಯಲು ಅನುಕೂಲವಾದ ಗುಣವೇ ಸುಭಿಕ್ಷದಲ್ಲಿ ಮಧುಮೇಹವಾಯಿತೆಂದು ಅಮೆರಿಕದ ಜೇಮ್ಸ್ ನೀಲ್ ೧೯೬೨ರಲ್ಲಿಯೇ ವಾದಿಸಿದ್ದನು. ೧೮೭೬ರ ಕ್ಷಾಮವನ್ನು ಇಂದಿನ ರೋಗಕ್ಕೆ ನೇರವಾಗಿ ಗಂಟುಹಾಕುವ ಸಾಧನವೂ ಯಾರ ಕೈಯಲ್ಲಿಯೂ ಇಲ್ಲ. ಇನ್ನು, ಗರ್ಭದಲ್ಲಿ ಬರೆದುದು ಹಣೆಬರಹವೂ ಅಲ್ಲ. ಸಣ್ಣಗೆ ಹುಟ್ಟಿದವರೆಲ್ಲ ರೋಗಿಗಳಾಗಲಿಲ್ಲ. ನಡಿಗೆ, ದುಡಿಮೆ, ಮಿತವಾದ ಊಟಗಳು ಇಂದಿಗೂ ಔಷಧವೇ.

ಇಷ್ಟನ್ನೆಲ್ಲ ಒಪ್ಪಿದರೂ ಉಳಿಯುವ ಸತ್ಯವು ಸಣ್ಣದಲ್ಲ. ಮೇದಸ್ಸು ಒಬ್ಬನ ತಟ್ಟ�ೆಯ ಲೆಕ್ಕವಷ್ಟೇ ಅಲ್ಲ, ಮೂರು ತಲೆಮಾರಿನ ತಟ್ಟೆಗಳ ಲೆಕ್ಕ. ಒಂದು ಮಗು ಯಾವ ಅಂಡದಿಂದ ಬೆಳೆಯುವುದೋ ಆ ಅಂಡವು ಅದರ ತಾಯಿಯು ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ರೂಪುಗೊಂಡಿರುವುದು. ಇಂದು ಕೃಷ್ಣರಾಜಪೇಟೆಯಲ್ಲಿ ಹುಟ್ಟುವ ಕೂಸಿನಲ್ಲಿ ಅದರ ಅಜ್ಜಿಯ ಬಸುರಿನ ದಿನಗಳೂ ಸ್ವಲ್ಪಮಟ್ಟಿಗೆ ಇರುವುವು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಕಡೆಗೆ ಉಳಿದುದನ್ನು ಉಣ್ಣುವುದು ಹೆಂಗಸಿನ ಧರ್ಮವೆಂದು ಹೊಗಳಿದ ಸಮಾಜವು, ಆ ಧರ್ಮದ ಬೆಲೆಯನ್ನು ಅವಳ ಗಂಡುಮಕ್ಕಳ ಹೃದಯದಲ್ಲಿಯೂ ಹೆಣ್ಣುಮಕ್ಕಳ ಬಸುರಿನಲ್ಲಿಯೂ ತೆತ್ತಿದೆ. ರೋಗಿಯನ್ನು ಕಂಡು, ಹೊಟ್ಟೆಬಾಕನೆಂದೋ ಸೋಮಾರಿಯೆಂದೋ ಹಳಿಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇದರಿಂದ ಚಿಕಿತ್ಸೆಯ ಕಾಲವೂ ಬದಲಾಗುತ್ತದೆ. ನಲವತ್ತು ತುಂಬಿದವನಿಗೆ ಮಾತ್ರೆ ಕೊಡುವುದು ಅವಶ್ಯವೇ. ಆದರೆ ಅದು ಕೊನೆಯ ಅಧ್ಯಾಯ. ಮೊದಲಿನ ಅಧ್ಯಾಯವು ಶಾಲೆಗೆ ಹೋಗುವ ಹುಡುಗಿಯ ಬುತ್ತಿಯಲ್ಲಿದೆ. ರಾಗಿಯೊಡನೆ ಬೇಳೆ, ಸೊಪ್ಪು, ಹಾಲು, ಮೊಟ್ಟೆ ಅವಳಿಗೆ ದೊರೆಯಬೇಕು. ಬಸುರಿಯಾದ ಮೇಲೆ ರಕ್ತದ ಸಕ್ಕರೆಯ ಪರೀಕ್ಷೆ ಆಗಬೇಕು. ಪರೀಕ್ಷೆಯಲ್ಲಿ ಕಂಡವಳನ್ನು ಹೆರಿಗೆಯಾದೊಡನೆ ಮರೆಯದೆ ವರ್ಷವರ್ಷವೂ ನೋಡಬೇಕು. ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ ೧೯೮೬ರಿಂದ ವೈದ್ಯಕೀಯ ಕಾಲೇಜು ಇದೆ. ಊರೂರಿಗೂ ಆಶಾ ಕಾರ್ಯಕರ್ತೆಯರೂ ಅಂಗನವಾಡಿಗಳೂ ಇವೆ. ಉಪಕರಣಗಳಿಗೆ ಕೊರತೆಯಿಲ್ಲ.

ಚರಿತ್ರೆಯಲ್ಲಿ ಆಸಕ್ತರಾದವರಿಗೆ ಇದರಿಂದ ಇನ್ನೊಂದು ಬೋಧೆಯೂ ಉಂಟು. ಶಾಸನಗಳನ್ನು, ಕಡತಗಳನ್ನು, ತಾಳೆಗರಿಗಳನ್ನು ಉಳಿಸಬೇಕೆಂದು ವಿದ್ವಾಂಸರು ಹೇಳುತ್ತ ಬಂದಿರುವರು. ತಾಲ್ಲೂಕಿನ ಹಳೆಯ ಆಸ್ಪತ್ರೆಗಳ ಹೆರಿಗೆ ಪುಸ್ತಕಗಳೂ ಅದೇ ಗೌರವಕ್ಕೆ ಅರ್ಹವಾದುವು. ಈಗ ಪ್ರತಿಯೊಬ್ಬ ಬಸುರಿಯ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ ಅವಳ ತೂಕವನ್ನೂ ಕೂಸಿನ ತೂಕವನ್ನೂ ಬರೆಯುವ ಪದ್ಧತಿಯಿದೆ. ಬರೆಯುವ ದಾದಿಗೆ ಅದು ದಿನದ ನೂರು ಕೆಲಸಗಳಲ್ಲಿ ಒಂದು. ಆದರೆ ಆ ಅಂಕಿಯನ್ನು ಅಂದಾಜಿನಲ್ಲಿ ತುಂಬದೆ, ಕೂಸನ್ನು ನಿಜವಾಗಿ ತೂಗಿ ಬರೆದರೆ, ಅರವತ್ತು ವರ್ಷಗಳ ತರುವಾಯ ಯಾವನೋ ಒಬ್ಬನ ರೋಗದ ಕಾರಣವನ್ನು ತಿಳಿಯಲು ಅದೇ ಆಧಾರವಾಗುವುದು. ೧೯೩೪ರಲ್ಲಿ ಮಿಷನ್ ಆಸ್ಪತ್ರೆಯ ದಾದಿಯರು ಮಾಡಿದ್ದು ಇಷ್ಟನ್ನೇ.